ಅಪ್‌ಡೇಟ್: ವೆಸ್ಟ್ ಕೋಸ್ಟ್ ಸ್ವಿಂಗ್‌ನಲ್ಲಿ ಕೈ ಎಳೆಯೋದು ನಿಂತಿತು (ಬಹುಪಾಲು)

ನಾಲ್ಕು ತಿಂಗಳ ಹಿಂದೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಿಂದ ಇಲ್ಲಿ ಕೇಳಿದ್ದೆ: ವೆಸ್ಟ್ ಕೋಸ್ಟ್ ಸ್ವಿಂಗ್ (ಜೋಡಿಯಾಗಿ ಕುಣಿಯುವ ನೃತ್ಯ) ಕ್ಲಾಸಿನಲ್ಲಿ ಸ್ಟೆಪ್ ಎಲ್ಲಾ ಬರುತ್ತದೆ, ಸೋಶಿಯಲ್ ಡಾನ್ಸಿಗೆ ಹೋದರೆ ಜೊತೆಗಾರ್ತಿಯ ಕೈ ಎಳೆದಾಡುತ್ತೇನೆ, ಏನು ಮಾಡಲಿ? ಹೊಸ ಸ್ಟೆಪ್ ಬಿಡಿ, ಆ್ಯಂಕರ್ ಸರಿ ಮಾಡಿಕೊಳ್ಳಿ ಅಂದಿರಿ. ಅದೇ ಸರಿ.

ಆ್ಯಂಕರ್ ಅಂದರೆ 6 ಎಣಿಕೆಯ ಸ್ಟೆಪ್‌ನಲ್ಲಿ ಕೊನೆಯ ಎರಡು ಎಣಿಕೆಗೆ ನಿಂತಲ್ಲೇ ಇಡುವ ಮೂರು ಪುಟ್ಟ ಹೆಜ್ಜೆ. ನಾನು ಅದನ್ನು ನುಂಗಿ, ಐದಕ್ಕೇ ಮುಂದಿನದು ಶುರು ಮಾಡುತ್ತಿದ್ದೆ. ಪಾಪ, ಜೊತೆಗಾರ್ತಿ ಸ್ಲಾಟ್‌ನ (ಅವರು ಹೋಗಿ ಬರುವ ನೇರ ದಾರಿ) ತುದಿ ಮುಟ್ಟುವ ಮೊದಲೇ ನನ್ನ ಕೈ ವಾಪಸ್ ಕರೆಯುತ್ತಿತ್ತು. ಎರಡು ವಾರ ಅಡುಗೆಮನೆಯಲ್ಲಿ ಫ್ರಿಜ್ಜಿನ ಹಿಡಿ ಹಿಡಿದುಕೊಂಡು ಸುಮ್ನೆ ಆ್ಯಂಕರ್ ಮಾಡಿದೆ. ಬಾಗಿಲು ತೆರೆದುಕೊಂಡರೆ ಜಾಸ್ತಿ ಎಳೆದೆ ಅಂತ ಲೆಕ್ಕ. ಹೆಂಡತಿ ನಕ್ಕಿದ್ದೇ ನಕ್ಕಿದ್ದು.

ಹೋದ ಶುಕ್ರವಾರ ಒಬ್ಬ ಹಿರಿಯ ಮಹಿಳೆ ಜೊತೆ ಕುಣಿದೆ. ನಿಧಾನದ ಬ್ಲೂಸ್ ಹಾಡು. ಬರೀ ಶುಗರ್ ಪುಶ್, ಎರಡು ಥರದ ಸೈಡ್ ಪಾಸ್ ಅನ್ನೋ ಮೂಲ ಸ್ಟೆಪ್‌ಗಳು, ಅಷ್ಟೇ. ಮಧ್ಯೆ ಅವರು ಆ್ಯಂಕರ್‌ನಲ್ಲೇ ಎರಡು ಎಣಿಕೆ ಜಾಸ್ತಿ ನಿಂತು, ಗಿಟಾರ್‌ಗೆ ತಕ್ಕಂತೆ ಭುಜ ಕುಣಿಸಿದರು. ನಾನು ಕಾದೆ! ಮೊದಲಾಗಿದ್ದರೆ ಎಳೆದೇಬಿಡುತ್ತಿದ್ದೆ.

ಅಂದಹಾಗೆ, ಕ್ಯಾಲಿಫೋರ್ನಿಯಾ 1988ರಲ್ಲೇ ವೆಸ್ಟ್ ಕೋಸ್ಟ್ ಸ್ವಿಂಗನ್ನು ತನ್ನ ರಾಜ್ಯ ನೃತ್ಯ ಅಂತ ಘೋಷಿಸಿದೆ. ಇಷ್ಟು ವರ್ಷ ಇಲ್ಲೇ ಇದ್ದೂ ನನಗೆ ಗೊತ್ತಿರಲಿಲ್ಲ ನೋಡಿ.

8 ಎಣಿಕೆಯ ವಿಪ್ ಅನ್ನೋ ಸ್ಟೆಪ್ ಮಾತ್ರ ಇನ್ನೂ ಕೈಕೊಡುತ್ತಿದೆ. ಅದೇ ರಾತ್ರಿ ಸ್ಲಾಟ್ ಬಿಟ್ಟು ಪಕ್ಕದವರ ಕಾಲು ತುಳಿದೆ. ಅದಕ್ಕೂ ಏನಾದರೂ ಫ್ರಿಜ್ ಉಪಾಯ ಇದೆಯಾ?