ಎಂಜಿನಿಯರ್ ಸಾರ್‌ನ ಕೇಳಿ: ಸೈಟಿಗೆ ಬರುವ ಲೋಡು, ಫೋನಿನಲ್ಲಿ ಲೆಕ್ಕ

ಅಡ್ಮಿನ್: ಇವತ್ತು ಭಾನುವಾರ, ನಮ್ಮ ಗುಂಪಿನ ಎಂಜಿನಿಯರ್ ಸಾರ್ ಸಂಜೆ ತನಕ ಸಿಗುತ್ತಾರೆ. ಸೈಟಿಗೆ ಬರುವ ಮರಳು, ಜಲ್ಲಿ, ಕಂಬಿ, ಸಿಮೆಂಟಿನ ಲೆಕ್ಕವನ್ನು ಫೋನಿನಲ್ಲೇ ಇಡುವುದು ಹೇಗೆ, ಅದನ್ನು ಮಾತ್ರ ಕೇಳಿ. ಗುಡ್ ಮಾರ್ನಿಂಗ್ ಫೋಟೋ ಬೇಡ.

ಹೂಟಗಳ್ಳಿ 30-40: ಸಾರ್, ಯಾವ ಆ್ಯಪ್ ಹಾಕಿಕೊಳ್ಳಲಿ? ಫ್ರೀ ಇರಬೇಕು.

ಎಂಜಿನಿಯರ್: ಒಂದು ಮನೆಗೆ ಆ್ಯಪ್ ಬೇಡ. ಗೂಗಲ್ ಫಾರ್ಮ್ ಸಾಕು. ಗಾಡಿ ನಂಬರ್, ಚಲನ್ ನಂಬರ್, ತೂಕದ ಚೀಟಿ ನಂಬರ್, ಅಳತೆ, ಇಳಿಸಿಕೊಂಡವರ ಹೆಸರು. ಇಷ್ಟೇ. ತಾರೀಖು, ಗಂಟೆ ನೀವು ಕೇಳಬೇಡಿ. ಫಾರ್ಮ್ ಕಳಿಸಿದ ಹೊತ್ತು ಶೀಟಿನಲ್ಲಿ ತಾನೇ ಬರುತ್ತೆ. ಸೈಟಿನಲ್ಲಿ ಅರ್ಧ ಜಗಳ ತಾರೀಖಿನದೇ.

ಪಾಂಡವಪುರ: ನಮಸ್ಕಾರ ಸಾರ್. 12 ಎಂಎಂ ಕಂಬಿ 100 ಬಂದಿದೆ. ತೂಕ ಸರಿ ಇದೆಯಾ ಅಂತ ಹೇಗೆ ನೋಡೋದು?

ಎಂಜಿನಿಯರ್: ನಮಸ್ಕಾರ. ಎಂಎಂ ಗುಣಿಸು ಎಂಎಂ, ಭಾಗಿಸು 162. ಮೀಟರಿಗೆ ಎಷ್ಟು ಕೆಜಿ ಅಂತ ಬರುತ್ತೆ. 12 ಎಂಎಂಗೆ 0.89 ಕೆಜಿ. 12 ಮೀಟರಿನ ಕಂಬಿ ಸುಮಾರು 10.67 ಕೆಜಿ, ನೂರಕ್ಕೆ 1067. ಈ ಸೈಜಿಗೆ ಕಂಬಿಯ ಭಾರತೀಯ ಮಾನದಂಡ ಐಎಸ್ 1786 ಶೇ 5ರಷ್ಟು ಹೆಚ್ಚು ಕಡಿಮೆ ಒಪ್ಪುತ್ತೆ. ತೂಕ ಒಂದನ್ನೇ ನೋಡಬೇಡಿ, ಕಂಬಿ ಎಣಿಸಿ, ಉದ್ದ ಹಿಡಿದು ನೋಡಿ.

ಕುವೆಂಪುನಗರ: ಸಾರ್, ಟೈಲ್ಸ್ ಬಾಕ್ಸ್ ಒಳಗೆ ಒಡೆದಿದ್ದರೆ ಇಳಿಸಿಕೊಂಡ ಮೇಲೆ ಕೇಳಬಹುದಾ? ನಾಳೆ ಲೋಡ್ ಬರುತ್ತೆ.

ದಟ್ಟಗಳ್ಳಿ: ಸಾರ್, ನಾನು ಹುಣಸೂರಿನಲ್ಲಿ ಕೆಲಸ ಮಾಡುತ್ತೇನೆ, ಸೈಟಿಗೆ ಹೋಗೋದು ವಾರಕ್ಕೊಮ್ಮೆ. ಮೇಸ್ತ್ರಿ ಪ್ರತಿ ಲೋಡಿಗೂ ಜಿಪಿಎಸ್ ಕ್ಯಾಮೆರಾ ಫೋಟೋ (ಜಾಗ, ಸಮಯದ ಮುದ್ರೆ ಬೀಳುವಂಥದ್ದು), ತೂಕದ ಚೀಟಿ ವಾಟ್ಸಾಪಿಗೆ ಹಾಕುತ್ತಾರೆ. ನಾನು ಶೀಟಿಗೆ ಏರಿಸಿ ದುಡ್ಡು ಹಾಕುತ್ತೇನೆ. ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) 9 ಲೋಡ್ ಸಾಕು ಅಂದಿದ್ದರು. 11 ಆಯಿತು, ಇನ್ನೂ 2 ಬೇಕಂತೆ. ಶೀಟಿನಲ್ಲಿ ಎಲ್ಲ ತಾಳೆ ಆಗುತ್ತೆ. ನನಗೇನೋ ಸಮಾಧಾನ ಇಲ್ಲ.

ಎಂಜಿನಿಯರ್: ಚೀಟಿಗಳನ್ನು ಸಾಲಾಗಿ ಇಟ್ಟುಕೊಂಡು ನೋಡಿ ಮೇಡಂ. ಒಂದೇ ತೂಕ ಎರಡು ಸಲ ಬಂದಿದೆಯಾ?

ದಟ್ಟಗಳ್ಳಿ: 6 ಮತ್ತು 7. ಎರಡರಲ್ಲೂ ನಿವ್ವಳ 15,240 ಕೆಜಿ. ಖಾಲಿ ಗಾಡಿ ತೂಕವೂ ಒಂದೇ. 7ರ ಚೀಟಿಯ ಮೇಲಿನ ಅಂಚು ಫೋಟೋದಲ್ಲಿ ಬಂದಿಲ್ಲ. ಎರಡೂ ಲೋಡಿನ ಫೋಟೋ ಹಾಕಿದ್ದೇನೆ.

ಎಂಜಿನಿಯರ್: ಖಾಲಿ ತೂಕ ಒಂದೇ ಇದ್ದರೆ ತಪ್ಪಿಲ್ಲ. ಗಾಡಿ ತೂಗುವ ಕೆಲವು ವೇಬ್ರಿಡ್ಜ್‌ಗಳಲ್ಲಿ ಗಾಡಿಯ ಖಾಲಿ ತೂಕ ಮೊದಲೇ ಹಾಕಿಟ್ಟಿರುತ್ತಾರೆ. ಆದರೆ ಲೋಡರ್ ಬಕೆಟ್ಟಿನಲ್ಲಿ ತುಂಬಿದ ಮರಳು ಎರಡು ದಿನ ಬಿಟ್ಟು ಹತ್ತು ಕೆಜಿಯೂ ಆಚೀಚೆ ಆಗದೆ ಬರುವುದು ಅಪರೂಪ. ಚೀಟಿ ನಂಬರ್ ಇರುವ ಅಂಚೇ ಕತ್ತರಿಸಿರುವುದು ಇನ್ನೂ ಅಪರೂಪ. ನಿಮ್ಮ ಸೈಟ್ ಯಾವ ದಿಕ್ಕು?

ದಟ್ಟಗಳ್ಳಿ: ಪೂರ್ವ. ರಸ್ತೆ ಪೂರ್ವಕ್ಕಿದೆ.

ವಾಸ್ತು ಪ್ರೇಮಿ: ಮರಳು ಎಲ್ಲಿ ಸುರಿಸಿದ್ದೀರಿ? ಭಾರ ನೈಋತ್ಯಕ್ಕೇ ಇರಬೇಕು. ಈಶಾನ್ಯದಲ್ಲಿ ಸುರಿದರೆ ಖರ್ಚು ಏರುತ್ತಲೇ ಹೋಗುತ್ತೆ, ನೋಡಿ ಹೀಗೇ.

ಎಂಜಿನಿಯರ್: ನಾನು ದಿಕ್ಕು ಕೇಳಿದ್ದು ನೆರಳಿಗೆ. 7ರ ಫೋಟೋ ಮೇಲೆ ಬೆಳಗ್ಗೆ 9.40 ಅಂತಿದೆ. ಬೆಳಗ್ಗೆ ಸೂರ್ಯ ರಸ್ತೆ ಕಡೆ ಇರುತ್ತಾನೆ, ಗುಡ್ಡೆಯ ನೆರಳು ಮನೆ ಕಡೆ ಬೀಳಬೇಕು. ಇದರಲ್ಲಿ ರಸ್ತೆ ಮೇಲೆ ಬಿದ್ದಿದೆ. ಅಂದರೆ ಮಧ್ಯಾಹ್ನ ಕಳೆದ ಮೇಲೆ ತೆಗೆದ ಫೋಟೋ. 6ರ ಫೋಟೋ ಸಂಜೆ 4.20ರದು. ಎರಡರಲ್ಲೂ ನೀಲಿ ಡ್ರಮ್ಮಿನ ಅಂಚಿಗೆ ಅದೇ ಮಗ್ ಅದೇ ಕಡೆಗೆ ನೇತಾಡುತ್ತಿದೆ. ಒಂದೇ ಲೋಡನ್ನು ಎರಡು ಕಡೆ ನಿಂತು ತೆಗೆದ ಹಾಗಿದೆ. ಜಿಪಿಎಸ್ ಕ್ಯಾಮೆರಾದ ಮುದ್ರೆಯನ್ನು ಪೂರ್ತಿ ನಂಬಬೇಡಿ. ಫೋನಿನ ಗಡಿಯಾರ ಬದಲಿಸಿದರೆ ಅದೂ ಬದಲಾಗಬಹುದು. ವಾಟ್ಸಾಪಿನಲ್ಲಿ ಫೋಟೋ ಆಗಿ ಬಂದರೆ ಫೈಲಿನ ಒಳಗಿನ ಸಮಯ, ಜಾಗದ ವಿವರ ಅಳಿಸಿಹೋಗುತ್ತೆ. ಡಾಕ್ಯುಮೆಂಟ್ ಆಗಿ ಕಳಿಸಿ ಅಂತ ಹೇಳಿ, ಉಳಿಯುತ್ತೆ.
ಶೀಟ್ ತಾಳೆ ಆಗುತ್ತೆ ಅಂದಿರಿ. ಆಗಲೇಬೇಕಲ್ಲ, ಅವರು ಕೊಟ್ಟದ್ದನ್ನೇ ನೀವು ತುಂಬಿದ್ದೀರಿ. ಚೀಟಿ ನಂಬರಿಗೆ ಒಂದು ಕಾಲಂ ಮಾಡಿ, ಅದೇ ನಂಬರ್ ಮತ್ತೆ ಬಂದರೆ ಕೆಂಪಾಗುವ ಹಾಗೆ ಸೆಟ್ ಮಾಡಿ. ನಂಬರ್ ಕಾಣದ ಚೀಟಿಗೆ ದುಡ್ಡು ಹಾಕಬೇಡಿ.
ಈಗಲೇ ಮೇಸ್ತ್ರಿಯನ್ನು ಬೈಯಬೇಡಿ. ಒಂದು ಕೇಳುತ್ತೇನೆ. ಅವರಿಗೆ ಹತ್ತಿರದಲ್ಲಿ ಇನ್ನೊಂದು ಕೆಲಸ ನಡೆಯುತ್ತಿದೆಯಾ?

ದಟ್ಟಗಳ್ಳಿ: ಹಿಂದಿನ ಕ್ರಾಸಿನಲ್ಲಿ ಇದೆ ಸಾರ್. ಸಂಜೆ ಹೋಗಿ ನೋಡುತ್ತೇನೆ.

ಟಿಪ್ಪರ್ ಓನರ್, ಶ್ರೀರಂಗಪಟ್ಟಣ: ಎಲ್ಲರೂ ಕಳ್ಳರು ಅನ್ನೋ ಹಾಗೆ ಮಾತಾಡಬೇಡಿ. ಗಾಡಿ ಬಂದು ನಿಂತರೆ ಇಳಿಸಿಕೊಳ್ಳೋಕೆ ಜನ ಇರಲ್ಲ. ಫೋಟೋ ತೆಗಿ, ಹಿಂದೆ ಹೋಗು, ಮುಂದೆ ಬಾ. ಕಾಯೋ ಡೀಸೆಲ್ ಯಾರು ಕೊಡ್ತಾರೆ?

ಹೂಟಗಳ್ಳಿ 30-40: ನಿಮ್ಮ ಗಾಡಿಯಲ್ಲಿ ಮೂರು ಯೂನಿಟ್ ಅಂತೀರಿ, ಟೇಪ್ ಹಿಡಿದರೆ ಎರಡೂವರೆ ದಾಟಲ್ಲ.

ಟಿಪ್ಪರ್ ಓನರ್: ನನ್ನ ಗಾಡಿ ನೀವು ಯಾವಾಗ ಕಂಡ್ರಿ ಸ್ವಾಮಿ?

ಎಂಜಿನಿಯರ್: ಇಬ್ಬರೂ ನಿಲ್ಲಿಸಿ. ಒಂದು ಯೂನಿಟ್ ಅಂದರೆ 100 ಘನ ಅಡಿ. 14 ಅಡಿ ಉದ್ದ, 7 ಅಡಿ ಅಗಲದ ಬಾಡಿಯಲ್ಲಿ 3 ಅಡಿ ಸಮ ತುಂಬಿದರೆ 294. ನಡುವೆ ಗೋಪುರ ಮಾಡಿ, ಮೂಲೆಯಲ್ಲಿ 4 ಇಂಚು ತಗ್ಗು ಬಿಟ್ಟಿರುತ್ತಾರೆ. ಎಲ್ಲ ಕಡೆ 4 ಇಂಚು ಕಡಿಮೆ ಆದರೆ 33 ಘನ ಅಡಿ ಹೋಯಿತು. ಇಳಿಸುವ ಮೊದಲು 8 ಎಂಎಂ ಕಂಬಿ ತುಂಡು ಐದು ಕಡೆ ಚುಚ್ಚಿ ಸರಾಸರಿ ತೆಗೆಯಿರಿ. ಇನ್ನು ನೀರು. ಒದ್ದೆ ಮರಳು ಅಳತೆಯಲ್ಲಿ ಉಬ್ಬುತ್ತೆ, ತೂಕದಲ್ಲಿ ಭಾರ ಆಗುತ್ತೆ. ಶೇ 8 ತೇವ ಇದ್ದರೆ 15 ಟನ್ನಿನಲ್ಲಿ ಒಂದು ಟನ್ನಿಗೂ ಜಾಸ್ತಿ ನೀರೇ. ಎರಡೂ ಕಡೆಯಿಂದ ಕೈ ಸುಡುವುದು ಕೊಂಡವರಿಗೆ. ಓನರ್ ಹೇಳಿದ್ದೂ ಸುಳ್ಳಲ್ಲ, ಗಾಡಿ ಕಾಯಿಸಬೇಡಿ. ಅರ್ಧ ಗಂಟೆ ಮೊದಲು ಲೊಕೇಶನ್ ತರಿಸಿಕೊಂಡು ಜನ ಇಡಿ.

ಬೋಗಾದಿ: ಇ-ವೇ ಬಿಲ್ ಎಲ್ಲದಕ್ಕೂ ಬೇಕಾ?

ಎಂಜಿನಿಯರ್: ಅದು ಸರಕು ಸಾಗಿಸಲು ಜಿಎಸ್‌ಟಿಯವರ ಆನ್‌ಲೈನ್ ಚೀಟಿ. ಸರಕಿನ ಬೆಲೆ ₹50,000 ದಾಟಿದರೆ ಬೇಕು. ಕಂಬಿ ಲಾರಿಯಲ್ಲಿ ಕೇಳಿ, ಅದರಲ್ಲಿರುವ ಗಾಡಿ ನಂಬರೂ ಎದುರಿಗಿರುವ ಗಾಡಿಯ ನಂಬರೂ ಒಂದೇನಾ ನೋಡಿ.

ಮಂಡ್ಯ, ಗುತ್ತಲು ರಸ್ತೆ: ಬಂದ ಫಾರ್ವರ್ಡ್: ‘ರೆಡಿಮಿಕ್ಸ್ ಗಾಡಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತಾ? ಚಿಂತೆ ಬಿಡಿ! ಎರಡು ಕೆಜಿ ಸಕ್ಕರೆ, ಒಂದು ಬಕೆಟ್ ನೀರು ಹಾಕಿ, ಕಾಂಕ್ರೀಟ್ ಮತ್ತೆ ತಾಜಾ! ಹತ್ತು ಜನಕ್ಕೆ ಕಳಿಸಿ.’ ನಿಜವಾ ಸಾರ್? ನಮ್ಮೂರಲ್ಲಿ ಸಕ್ಕರೆಗೇನು ಬರ ಇಲ್ಲ 😀

ಎಂಜಿನಿಯರ್: ಹತ್ತು ಜನಕ್ಕೆ ಕಳಿಸಿ ಅಂದಲ್ಲೇ ಗೊತ್ತಾಗಬೇಕಿತ್ತು. ಸಕ್ಕರೆ ಕಾಂಕ್ರೀಟ್ ಗಟ್ಟಿಯಾಗುವುದನ್ನು ತಡೆಯುತ್ತೆ, ನಿಜ. ಡ್ರೈವರುಗಳು ಹಾಕುವುದು ಗಾಡಿಯ ಡ್ರಮ್ ಉಳಿಸಿಕೊಳ್ಳೋಕೆ. ಆ ಕಾಂಕ್ರೀಟ್ ಎಸೆಯೋಕೆ, ನಿಮ್ಮ ಮೋಲ್ಡಿಗೆ ಅಲ್ಲ. ಸ್ವಲ್ಪ ಹೆಚ್ಚಾದರೂ ದಿನಗಟ್ಟಲೆ ಸೆಟ್ ಆಗಲ್ಲ. ಮೇಲಿಂದ ಬಕೆಟ್ ನೀರು, ಅಂದರೆ ಬಲವೂ ಹೋಯಿತು. ಗಾಡಿ ತುಂಬಿ ಎರಡು ಗಂಟೆಯೊಳಗೆ ಸುರಿಯಬೇಕು ಅಂತ ರೆಡಿಮಿಕ್ಸ್ ಮಾನದಂಡ ಐಎಸ್ 4926 ಹೇಳುತ್ತೆ. ತಡವಾಗಿ ಸೆಟ್ ಆಗುವ ಕೆಮಿಕಲ್ಲನ್ನು ಪ್ಲಾಂಟಿನಲ್ಲೇ ಲೆಕ್ಕ ಮಾಡಿ ಹಾಕಿಸಿದ್ದರೆ ಇನ್ನಷ್ಟು ಹೊತ್ತು ಸಿಗಬಹುದು. ಟ್ರ್ಯಾಕಿಂಗ್ ಲಿಂಕ್ ಗಾಡಿ ಎಲ್ಲಿದೆ ಅಂತ ತೋರಿಸುತ್ತೆ, ಅಷ್ಟೇ. ತುಂಬಿದ ಗಂಟೆ ಚಲನ್ನಿನಲ್ಲಿರುತ್ತೆ. ಅದನ್ನು ನೋಡಿ, ಹೊತ್ತು ಮೀರಿದ್ದರೆ ವಾಪಸ್ ಕಳಿಸಿ.

ಮಂಡ್ಯ, ಗುತ್ತಲು ರಸ್ತೆ: ನಮ್ಮ ಭಾವನ ಮನೆಗೆ ಹಾಕಿದ್ರು, ಏನೂ ಆಗಿಲ್ಲ.

ಎಂಜಿನಿಯರ್: ಹಾಗಾದರೆ ಭಾವನನ್ನೇ ಕೇಳಿ.

ಕುವೆಂಪುನಗರ: ಸಾರ್, ಟೈಲ್ಸ್?

ವಾಸ್ತು ಪ್ರೇಮಿ: ಸಕ್ಕರೆ ವಿಷಯ ಗೊತ್ತಿಲ್ಲ, ಆದರೆ ಹಿರಿಯರು ಗಾರೆಗೆ ಬೆಲ್ಲ ಹಾಕುತ್ತಿದ್ದರು. ಅವರೇನು ದಡ್ಡರಾ?

ಎಂಜಿನಿಯರ್: ಅದು ಸುಣ್ಣದ ಗಾರೆ. ಇದು ಸಿಮೆಂಟ್.

ವಿಜಯನಗರ 4ನೇ ಹಂತ: ಈಗ ಸೇರಿದೆ. ಲೆಕ್ಕಕ್ಕೆ ಒಳ್ಳೇ ಆ್ಯಪ್ ಯಾವುದು ಸಾರ್?

ಎಂಜಿನಿಯರ್: ಮೇಲೆ ಓದಿ.

ಟಿಪ್ಪರ್ ಓನರ್: ಎರಡೂವರೆ ಯೂನಿಟ್ ಅಂದವರು ನಂಬರ್ ಕೊಡಿ, ನಾಳೆ ನಿಮ್ಮ ಮನೆ ಮುಂದೆ ಗಾಡಿ ನಿಲ್ಲಿಸ್ತೀನಿ, ಅಳೆಯಿರಿ.

ಹೂಟಗಳ್ಳಿ 30-40: ಬನ್ನಿ. ಖಾಲಿ ಗಾಡಿ ತರಬೇಡಿ.

ಅಡ್ಮಿನ್: ಇಬ್ಬರೂ ಪರ್ಸನಲ್‌ನಲ್ಲಿ ಮಾತಾಡಿಕೊಳ್ಳಿ, ದಯವಿಟ್ಟು.

ದಟ್ಟಗಳ್ಳಿ: ಹೋಗಿ ಬಂದೆ ಸಾರ್. ‘7ನೇ ಲೋಡ್ ಹಿಂದಿನ ಕ್ರಾಸಿಗೆ ಹೊಂದಿಸಿಕೊಂಡೆ ಅಕ್ಕ, ಅವರ ಗಾಡಿ ಬಂದಿರಲಿಲ್ಲ, ಮುಂದಿನದರಲ್ಲಿ ಸರಿ ಮಾಡ್ತೀನಿ’ ಅಂದರು. ಫೋಟೋ ಯಾಕೆ ಹಾಗೆ ಹಾಕಿದಿರಿ ಅಂದರೆ ಸುಮ್ನೆ ನಿಂತರು. ಹತ್ತು ವರ್ಷದಿಂದ ಗೊತ್ತಿರುವವರು.

ಎಂಜಿನಿಯರ್: ಶೀಟಿನಲ್ಲಿ 7ರ ಎದುರು ‘ಹಿಂದಿನ ಕ್ರಾಸಿಗೆ ಹೋಗಿದೆ’ ಅಂತ ಅವರ ಕೈಯಲ್ಲೇ ಬರೆಸಿ. ಮುಂದಿನ ಲೋಡಿಗೆ ದುಡ್ಡು ಹಾಕಬೇಡಿ. ಆದರೂ 10 ಲೋಡ್ ಬಂದಿದೆ, ಲೆಕ್ಕ 9ರದು. ಇನ್ನೂ 2 ಯಾಕೆ ಬೇಕು ಅಂತ ಕೇಳಿದಿರಾ? ಗೋಡೆ ಓರೆ ಇದ್ದು ಪ್ಲಾಸ್ಟರ್ ದಪ್ಪ ಆಗಿದ್ದರೆ ಅಲ್ಲೇ ಒಂದು ಲೋಡ್ ಹೋಗಿರುತ್ತೆ. ಮೂಲೆಯಲ್ಲಿ ದಾರಕ್ಕೆ ಕಟ್ಟಿದ ತೂಕದ ಗುಂಡು ಬಿಟ್ಟು ನೋಡಿ. ನಾನು ಹೊರಟೆ, ನಾಳೆ ಬೆಳಗ್ಗೆ ಸ್ಲಾಬ್ ಇದೆ.

ಬೋಗಾದಿ: ಸಾರ್ ಒಂದೇ ನಿಮಿಷ, ಯಾವ ಆ್ಯಪ್

ಕುವೆಂಪುನಗರ (ಸೋಮವಾರ ಬೆಳಗ್ಗೆ 8.15): ಲೋಡ್ ಬಂತು. 42 ಬಾಕ್ಸ್. ಮೂರನ್ನು ಅಲುಗಾಡಿಸಿದರೆ ಗಲಗಲ ಅನ್ನುತ್ತೆ. ಡ್ರೈವರ್ ಸಹಿ ಕೇಳುತ್ತಿದ್ದಾನೆ. ಯಾರಾದರೂ ಇದ್ದೀರಾ?