ಸಹಾಯ ಬೇಕು: ಚಿಕನ್‌ಗೆ ಸುತ್ತಲು ತೆಳು ಬೇಕನ್ನೋ, ದಪ್ಪದ್ದೋ?

ಮೂಳೆಯಿಲ್ಲದ ಚಿಕನ್ ತುಂಡಿಗೆ ಬೇಕನ್ (ಉಪ್ಪು ಹಾಕಿ ಹದಮಾಡಿದ ಹಂದಿಮಾಂಸದ ಪಟ್ಟಿ) ಸುತ್ತಿ 200 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿ ಬೇಯಿಸುವಾಗ 3 ಮಿ.ಮೀ. ದಪ್ಪದ ಪಟ್ಟಿ ಕೈಕೊಡುತ್ತಿದೆ. ಚಿಕನ್ ಒಳಗೆ 74 ಡಿಗ್ರಿ ಮುಟ್ಟಿದರೂ ಬೇಕನ್ನಿನ ಕೊಬ್ಬು ಪೂರ್ತಿ ಕರಗಿರುವುದಿಲ್ಲ; ಒಳಮೈ ರಬ್ಬರಿನ ಹಾಗೆ. ಇನ್ನೂ ಹತ್ತು ನಿಮಿಷ ಬಿಟ್ಟರೆ ಮಾಂಸ ಒಣಗಿ ನಾರಾಗುತ್ತದೆ.

1.5 ಮಿ.ಮೀ.ನ ಮಾಮೂಲಿ ಪಟ್ಟಿ ಬೇಗ ಗರಿಗರಿಯಾಗುತ್ತದೆ. ಅದಕ್ಕಿಂತ ತೆಳುವಾದದ್ದು ಸುತ್ತುವಾಗಲೇ ಹರಿಯುತ್ತದೆ, ಅಂಚೂ ಸೀಯುತ್ತದೆ. (ಸೂಪಿಗೆ, ಬೀನ್ಸಿಗೆ ದಪ್ಪದ್ದೇ ಸರಿ, ಅದರಲ್ಲಿ ಅನುಮಾನವಿಲ್ಲ.)

ದಪ್ಪದ್ದನ್ನೇ ಬಳಸುವುದಾದರೆ ತಣ್ಣನೆಯ ಬಾಣಲೆಯಲ್ಲಿಟ್ಟು ಸಣ್ಣ ಉರಿಯಲ್ಲಿ ಅರೆಬೇಯಿಸಿ, ಇನ್ನೂ ಬಗ್ಗುವಂತಿರುವಾಗಲೇ ತೆಗೆದು ಸುತ್ತಬೇಕು, ಸರಿ. ಆದರೆ ಎಷ್ಟು ನಿಮಿಷ? 5–6 ಸಾಕೇ? ಪಟ್ಟಿ ಕುಗ್ಗಿ ಬಿಚ್ಚಿಕೊಳ್ಳದಿರಲು ತುದಿಯನ್ನು ಅಡಿಗೆ ಮಡಚಿದರೆ ಆಯಿತೇ, ಕಡ್ಡಿ ಚುಚ್ಚಲೇಬೇಕೇ? ಟ್ರೇ ಮೇಲೆ ಜಾಲರಿ ಇದೆ, ಹಾಗಾಗಿ ಕೊಬ್ಬಿನಲ್ಲಿ ನೆನೆಯುವ ತೊಂದರೆ ಇದಲ್ಲ.