ಆನ್ ಆಗಿದೆ ತಾನೇ?

ಶನಿವಾರ ಸಂಜೆ ದರ್ಶಿನಿ ಎದುರು ಬೈ-ಟು ಕಾಫಿ ಹಿಡಿದು ನಿಂತಿದ್ದೆವು. ಸೀನ ಶುರು ಮಾಡಿದ. "ಏನೋ, ಮನೇಲೇ ಕಂಪ್ಯೂಟರ್ ಜೋಡಿಸಿದ್ದೀಯಂತೆ, ಸೌಂಡೇ ಬರಲ್ವಂತೆ. ಆನ್ ಆಗಿದೆ ತಾನೇ?"

ಎಲ್ಲರೂ ನಕ್ಕರು. ನಾನು ಮಾತ್ರ ನಗಲಿಲ್ಲ.

ನನ್ನ ಹಳೇ ಕಂಪ್ಯೂಟರ್ ಇವರಿಗೆಲ್ಲ ಗೊತ್ತು. ವಿಡಿಯೋ ಎಡಿಟ್ ಮಾಡಲು ಕೂತರೆ ಹಿಟ್ಟಿನ ಗಿರಣಿ ಶುರುವಾದ ಹಾಗೆ. ಪಕ್ಕದ ಮನೆಯವರು ರಾಗಿ ಡಬ್ಬ ಹಿಡಿದುಕೊಂಡು ಬರುವುದೊಂದು ಬಾಕಿ ಇತ್ತು.

"ಹೊಸದಕ್ಕೆ ಫ್ಯಾನೇ ಇಲ್ವಾ ಹಾಗಾದ್ರೆ?" ಅಂದ ಪುಟ್ಟ.

"ಗ್ರಾಫಿಕ್ಸ್ ಕಾರ್ಡಿಂದು ಬಿಟ್ಟು ಐದಿವೆ."

"ಐದಾ! ಒಂದರ ಗೋಳೇ ತಡೆಯೋಕಾಗಲ್ಲ, ಐದು ಸೇರಿ ಭಜನೆ ಮಾಡಿದ್ರೆ?"

ಮಜಾ ಇರುವುದೇ ಅಲ್ಲಿ. ಒಂದೇ ತರದ ಎರಡು ಫ್ಯಾನ್ ಒಟ್ಟಿಗೆ ತಿರುಗಿದರೆ ಸದ್ದು ಏರುವುದು ಬರೀ 3 ಡೆಸಿಬೆಲ್. ಅದೇ ಒಂದು ಫ್ಯಾನಿನ ವೇಗ ಅರ್ಧಕ್ಕೆ ಇಳಿಸಿ ನೋಡಿ, ಹೆಚ್ಚುಕಡಿಮೆ 15 ಡೆಸಿಬೆಲ್ ಇಳಿಯುತ್ತದೆ. ಅದಕ್ಕೇ 140 ಮಿಲಿಮೀಟರಿನ ದೊಡ್ಡ ಫ್ಯಾನುಗಳು, ಎಲ್ಲವೂ ನಿಧಾನಕ್ಕೆ. "ಕೆಲಸ ಒಬ್ಬನ ಮೇಲೇ ಹಾಕಿದ್ರೆ ಕಿರುಚ್ತಾನೆ, ಐದು ಜನಕ್ಕೆ ಹಂಚಿದ್ರೆ ಯಾರೂ ಬಾಯಿ ಬಿಡಲ್ಲ" ಅಂದೆ.

"ಐದು ಜನಕ್ಕೆ ಹಂಚಿದ್ರೆ ಯಾರೂ ಮಾಡಲ್ಲ, ನಮ್ಮ ಆಫೀಸ್ ನೋಡು" ಅಂದ ಸೀನ.

ಪ್ರೊಸೆಸರ್ ರೈಜನ್ 7 7700, 65 ವಾಟಿನದು. ಅದರ ಅಣ್ಣ 7700ಎಕ್ಸ್ 105 ವಾಟ್. ಇಬ್ಬರಿಗೂ ಎಂಟೆಂಟೇ ಕೋರ್, ಕೆಲಸದಲ್ಲಿ ವ್ಯತ್ಯಾಸ ಸ್ವಲ್ಪವೇ, ಆದರೆ ಅಣ್ಣನಿಗೆ ಬಿಸಿ ಜಾಸ್ತಿ. ಬಿಸಿ ಕಮ್ಮಿ ಇದ್ದರೆ ಗಾಳಿಯೂ ಕಮ್ಮಿ ಸಾಕು, ಅಲ್ವಾ? ಗುಂಯ್ ಅನ್ನುತ್ತಿದ್ದ ಹಾರ್ಡ್ ಡಿಸ್ಕ್ ತೆಗೆದು, ತಿರುಗೋ ಭಾಗವೇ ಇಲ್ಲದ ಎಸ್‌ಎಸ್‌ಡಿ ಹಾಕಿದೆ.

ಎಸ್‌ಪಿ ರೋಡಿನ ಅಂಗಡಿಯವನು ಮಾತ್ರ ಲೈಟಿನ ಫ್ಯಾನ್ ಹಿಡಿದು ಬಿಡಲೇ ಇಲ್ಲ. "ತಗೊಳ್ಳಿ ಸಾರ್, ಬಣ್ಣ ಬಣ್ಣ ಓಡುತ್ತೆ." ನಾನು ದೊಡ್ಡದಾಗಿ, "ನಾನು ಕೂರಿಸ್ತಿರೋದು ಕಂಪ್ಯೂಟರ್ ಕಣಪ್ಪ, ಗಣೇಶನ್ನ ಅಲ್ಲ" ಅಂದು, ಪ್ರೊಸೆಸರ್ ತಣ್ಣಗಿಡೋಕೆ ನಾಕ್ಟುವಾ ಎನ್‌ಎಚ್-ಡಿ15 ಕೂಲರ್ ತಂದೆ. ಡಿಕಾಕ್ಷನ್ ಬಣ್ಣ, ಹಾಲಿನ ಬಣ್ಣ, ನೋಡಿದರೆ ಕಾಫಿ ಬೇಕು ಅನಿಸುತ್ತದೆ. ತೂಕ 1.3 ಕಿಲೋ, ಎತ್ತರ 165 ಮಿಲಿಮೀಟರ್. ಅಳತೆ ನೋಡದೆ ತಂದಿದ್ದೆ. ಹಳೇ ಕ್ಯಾಬಿನೆಟ್ಟಿನ ಬಾಗಿಲು ಹಾಕೋಕಾಗಲಿಲ್ಲ. ಊರಿಗೆ ಹೊರಟಾಗ ಸೂಟ್‌ಕೇಸ್ ಮೇಲೆ ಕೂತು ಜಿಪ್ ಎಳೀತೀವಲ್ಲ, ಹಾಗೆ ಒತ್ತಿಯೂ ನೋಡಿದೆ. ಕೊನೆಗೆ ಕ್ಯಾಬಿನೆಟ್ಟೂ ಹೊಸದೇ ಬಂತು.

ಆಮೇಲೂ ಒಂದು ಕಾಟ. ಏನಾದರೂ ತೆರೆದರೆ ಸಾಕು, ಪ್ರೊಸೆಸರ್ ಕ್ಷಣ ಬಿಸಿಯಾಗಿ ಫ್ಯಾನೆಲ್ಲ ವೂಂ ಅಂತ ಎದ್ದು, ಮತ್ತೆ ಮಲಗುತ್ತಿದ್ದವು. ಬಯೋಸ್‌ಗೆ, ಅಂದ್ರೆ ಕಂಪ್ಯೂಟರಿನ ಮೂಲ ಸೆಟ್ಟಿಂಗ್ ಇರೋ ಜಾಗಕ್ಕೆ ಹೋಗಿ, 60 ಡಿಗ್ರಿ ತನಕ ಸುಮ್ನಿರು, ಅದು ದಾಟಿದರೂ ಕೆಲವು ಸೆಕೆಂಡ್ ತಡೆದು ಆಮೇಲೆ ಏಳು ಅಂತ ಹೇಳಿಕೊಟ್ಟೆ.

"ಆ ಸೆಟ್ಟಿಂಗ್ ನಮ್ಮ ಮಾವನಿಗೂ ಬೇಕಿತ್ತು ಕಣೋ" ಅಂದ ಪುಟ್ಟ.

"ಸರಿ, ಎಲ್ಲ ಆಯ್ತಲ್ಲ. ಮುಖ ಯಾಕೆ ಹಾಗಿದೆ?" ಸೀನನ ಪ್ರಶ್ನೆ.

ಹೇಳಲೇಬೇಕಾಯಿತು. ಮೊನ್ನೆ ಅಕ್ಕನ ಮಗಳ ಮದುವೆ ವಿಡಿಯೋ ಎಕ್ಸ್‌ಪೋರ್ಟ್‌ಗೆ ಹಾಕಿ, ಅಂದ್ರೆ ಎಡಿಟ್ ಮಾಡಿದ್ದನ್ನ ಒಂದೇ ಫೈಲ್ ಮಾಡೋಕೆ ಬಿಟ್ಟು, ಮಾನಿಟರ್ ಆರಿಸಿ ಸ್ನಾನಕ್ಕೆ ಹೋದೆ. ಅಮ್ಮ ರೂಮಿಗೆ ಬಂದಿದ್ದಾರೆ. ಸದ್ದಿಲ್ಲ, ಬೆಳಕಿಲ್ಲ. ಮುಂದಿನ ಪುಟ್ಟ ದೀಪ ರಾತ್ರಿ ಕಣ್ಣಿಗೆ ಹೊಡೆಯುತ್ತೆ ಅಂತ ನಾನೇ ಟೇಪ್ ಅಂಟಿಸಿದ್ದೆ. ಗೋಡೆಯ ಸ್ವಿಚ್ ಮಾತ್ರ ಆನ್. ಕರೆಂಟ್ ಸುಮ್ನೆ ದಂಡ ಅಂತ ಆರಿಸಿದರು.

"ಯುಪಿಎಸ್ ಇರಲಿಲ್ವಾ?"

"ಇತ್ತು. ಕೀ ಕೀ ಅಂತಂತೆ. ಅದನ್ನೂ ಆರಿಸಿದರು."

ಪುಟ್ಟನ ಮೂಗಿನಿಂದ ಕಾಫಿ ಬಂತು.

"ಟೇಪ್ ಕಿತ್ತುಬಿಡೋ!"

"ಕಿತ್ತೆ. ಅಷ್ಟು ಸಣ್ಣ ದೀಪ ಅಮ್ಮನಿಗೆ ಕನ್ನಡಕ ಇಲ್ಲದೆ ಕಾಣಲ್ಲ." ನಿನ್ನೆ ಮತ್ತೆ ಎಸ್‌ಪಿ ರೋಡಿಗೆ ಹೋಗಿ, ಅದೇ ಅಂಗಡಿಯಲ್ಲಿ, ಮೆಲ್ಲಗೆ, ಆ ಲೈಟಿನ ಫ್ಯಾನ್ ಒಂದು ಕೊಡಪ್ಪ ಅಂದೆ. ಅವನು ನನ್ನ ಮುಖ ಮರೆತಿರಲಿಲ್ಲ.

"ಗಣೇಶನ್ನ ಕೂರಿಸಿದ್ರಾ ಸಾರ್?"